ಅರ್ಧ ಬಲದ ಸಾಮು

‘ಶಾಂತಲಾ’ ಕಾದಂಬರಿಯನ್ನು ನಿಮ್ಮಲ್ಲಿ ಹಲವರು ಓದಿರುತ್ತೀರಿ. ಹೊಯ್ಸಳ ದೊರೆ ವಿಷ್ಣುವರ್ಧನನ ರಾಣಿಯ ಕಥೆ ಅದು. ನಾಟ್ಯ, ಸಂಗೀತ, ಪ್ರೀತಿ, ನೋವು ಎಲ್ಲ ಹದವಾಗಿ ಬೆರೆತ ಬರವಣಿಗೆ. ಓದಿ ಕಣ್ಣೊರೆಸಿಕೊಂಡವರನ್ನು ಕೇಳಿ ನೋಡಿ, ಬರೆದವರ ಹೆಸರು ಹೇಳುತ್ತಾರೆ. ಅವರ ಕಸುಬು ಏನಾಗಿತ್ತು ಎಂದರೆ ಮೇಷ್ಟರೇನೋ, ವಕೀಲರೇನೋ ಎಂದು ತಡವರಿಸುತ್ತಾರೆ. ಕೆ.ವಿ. ಅಯ್ಯರ್ ಮೇಷ್ಟರೂ ಅಲ್ಲ, ವಕೀಲರೂ ಅಲ್ಲ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದವರು. ಹುಡುಗರ ಕೈಗೆ ಡಂಬೆಲ್ ಕೊಟ್ಟು, ಬಾರ್‌ಬೆಲ್ ಎತ್ತಿಸಿ, ದಂಡೆ ಬಸ್ಕಿ ಹೊಡೆಸಿ ಮೈ ಕಟ್ಟಿಸುವುದು ಅವರ ಕಾಯಕ. ದೂರದ ಊರಿನವರಿಗೆ ಅಂಚೆಯ ಮೂಲಕವೂ ಪಾಠ ಕಳಿಸುತ್ತಿದ್ದರು. ಬರಿಮೈಯಲ್ಲಿ ನಿಂತ ಅವರ ಚಿತ್ರಗಳು ವಿಲಾಯಿತಿಯ ಅಂಗಸಾಧನೆ ಪತ್ರಿಕೆಗಳಲ್ಲೂ ಅಚ್ಚಾದವು.

ಇಂಥವರು ಕಾದಂಬರಿ ಬರೆದರು ಎಂದರೆ ನಮಗೆ ಯಾಕೆ ಆಶ್ಚರ್ಯವಾಗಬೇಕು? ಪೈಲ್ವಾನನಿಗೆ ಬುದ್ಧಿ ಮಂಡಿಯಲ್ಲಿರುತ್ತದೆ, ಕವಿಯಾದವನಿಗೆ ಎದೆಯ ಮೂಳೆ ಕಾಣುತ್ತಿರಬೇಕು ಎಂದು ನಾವೇ ತೀರ್ಮಾನ ಮಾಡಿಕೊಂಡು ಕೂತಿದ್ದೇವೆ. ಶಾಲೆಯಲ್ಲಿ ಡ್ರಿಲ್ ಪೀರಿಯಡ್ಡನ್ನು ಗಣಿತದ ಮೇಷ್ಟರಿಗೆ ಬಿಟ್ಟುಕೊಡುವುದು ಈ ತೀರ್ಮಾನದಿಂದಲೇ. ಮೈ ಬೇರೆ, ಮನಸ್ಸು ಬೇರೆ. ಒಂದನ್ನು ಜಿಮ್ಮಿಗೆ ಕಳಿಸೋಣ, ಇನ್ನೊಂದನ್ನು ಪ್ರವಚನಕ್ಕೆ ಕಳಿಸೋಣ ಎಂಬ ಹಂಚಿಕೆ. ಅಯ್ಯರ್ ಅವರ ಬದುಕು ಈ ಹಂಚಿಕೆಯನ್ನು ಒಪ್ಪಲಿಲ್ಲ. ನಾಟಕಕಾರ ಕೈಲಾಸಂ ಅವರಿಗೆ ಅಯ್ಯರ್ ಆಪ್ತರು; ಕೈಲಾಸಂ ಅವರನ್ನು ಕುರಿತು ‘ಕೈಲಾಸಂ ಸ್ಮರಣೆ’ ಎಂಬ ಪುಸ್ತಕವನ್ನೇ ಬರೆದರು. ‘ರವಿ ಕಲಾವಿದರು’ ಎಂಬ ಹವ್ಯಾಸಿ ನಾಟಕ ತಂಡ ಕಟ್ಟಿದರು. ಬೆಳಗ್ಗೆ ಕಬ್ಬಿಣ, ಸಂಜೆ ಬಣ್ಣ.

ಅವರ ‘ರೂಪದರ್ಶಿ’ ಇನ್ನೂ ವಿಶೇಷ. ಇಟಲಿಯ ಚಿತ್ರಕಾರನೊಬ್ಬ ಬಾಲಯೇಸುವಿನ ಚಿತ್ರಕ್ಕೆ ಮಾದರಿಯಾಗಿ ಒಂದು ಮುದ್ದು ಮಗುವನ್ನು ಆರಿಸುತ್ತಾನೆ. ವರ್ಷಗಳು ಉರುಳಿದ ಮೇಲೆ ದ್ರೋಹಿ ಜೂಡಾಸನ ಮುಖಕ್ಕೆ ಮಾದರಿ ಹುಡುಕಿ ಒಬ್ಬ ಕ್ರೂರಿಯನ್ನು ಹಿಡಿದು ತರುತ್ತಾನೆ. ನೋಡಿದರೆ ಅದೇ ಮಗು. ಈ ಕಥೆಯನ್ನು ಯಾರು ಬೇಕಾದರೂ ನೀತಿಕಥೆಯಾಗಿ ಬರೆಯಬಹುದಿತ್ತು. ದಿನವೂ ನೂರಾರು ದೇಹಗಳನ್ನು ಕಣ್ಣಿಟ್ಟು ನೋಡಿ, ಅವುಗಳ ಏರಿಳಿತ ಬಲ್ಲ ಮನುಷ್ಯ ಬರೆದಾಗ ಅದಕ್ಕೆ ಬೇರೆಯೇ ತೂಕ ಬರುತ್ತದೆ. ತೋಳು ಎಷ್ಟು ದಪ್ಪ, ಎದೆ ಎಷ್ಟು ಅಂಗುಲ ಎಂದು ಟೇಪು ಹಿಡಿದು ಅಳೆಯುವ ಕಸುಬಿನವರು, ಟೇಪಿಗೆ ಸಿಗದ ಒಂದನ್ನು ಕಾದಂಬರಿ ತುಂಬ ಅಳೆದಿದ್ದಾರೆ. ಬದುಕಿದ ರೀತಿ ಮುಖದ ಮೇಲೆ ಬಂದು ಕೂರುತ್ತದೆ ಎಂಬುದು ಅಂಗಸಾಧಕನಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತಿರುತ್ತದೆ?

ಈಗ ಸ್ವಲ್ಪ ಮೈಸೂರಿನ ಕಡೆ ಬರೋಣ. 1930ರ ದಶಕದಲ್ಲಿ ಜಗನ್ಮೋಹನ ಅರಮನೆಯ ಆವರಣದಲ್ಲಿ ನಡೆದದ್ದನ್ನು ಕೇಳಿದರೆ ಇವತ್ತಿನ ನಮ್ಮ ಜಗಳಗಳು, ಅಂದರೆ ಯೋಗ ದೊಡ್ಡದೋ ಜಿಮ್ ದೊಡ್ಡದೋ ಎಂಬ ಜಗಳಗಳು, ಸಣ್ಣವಾಗಿ ಕಾಣುತ್ತವೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಅಲ್ಲಿ 1933ರಿಂದ ಯೋಗಶಾಲೆ ನಡೆಸಿದರು. ಅದಕ್ಕೆ ಕೂಗಳತೆಯಲ್ಲೇ ಕೆ.ವಿ. ಅಯ್ಯರ್ ಅವರ ಶಿಷ್ಯರೊಬ್ಬರು ನಡೆಸುತ್ತಿದ್ದ ವ್ಯಾಯಾಮಶಾಲೆ. ಒಂದು ಕಡೆ ಆಸನ, ಇನ್ನೊಂದು ಕಡೆ ಬಾರ್‌ಬೆಲ್. ಊರಿನ ಕೇರಿಕೇರಿಯಲ್ಲೂ ಗರಡಿ. ಬೆಂಗಳೂರಿನಲ್ಲಿ ಅಯ್ಯರ್ ಅವರ ಜೊತೆಗಾರರಾಗಿದ್ದ ಸುಂದರಂ ಯೋಗಾಚಾರ್ಯರು ಯೋಗವನ್ನೂ ಅಂಗಸಾಧನೆಯನ್ನೂ ಒಂದೇ ವೇದಿಕೆಯಲ್ಲಿ ತೋರಿಸುತ್ತಿದ್ದರು. ಸೂರ್ಯನಮಸ್ಕಾರದ ಮೇಲೆ ಅಯ್ಯರ್ 1937ರಲ್ಲಿ ಇಂಗ್ಲಿಷ್ ಪುಸ್ತಕ ಬರೆದರು. ಸಾಧಕರ ಮಟ್ಟದಲ್ಲಿ ಕೊಡುಕೊಳ್ಳುವಿಕೆ ಧಾರಾಳವಾಗಿತ್ತು. ಬೇಲಿ ಹಾಕಿದವರು ಆಮೇಲೆ ಬಂದ ನಾವು.

ಕೃಷ್ಣಮಾಚಾರ್ಯರ ‘ಯೋಗಮಕರಂದ’ ಮೊದಲು ಅಚ್ಚಾದದ್ದು ಕನ್ನಡದಲ್ಲಿ, 1934ರಲ್ಲಿ. ಇವತ್ತು ಜಗತ್ತಿನ ಯಾವ ದೊಡ್ಡ ಊರಿಗೆ ಹೋದರೂ ಕಾಣುವ ಯೋಗದ ತರಗತಿಗಳಲ್ಲಿ ಬಹುಪಾಲಿಗೆ ಮೂಲ ಈ ಅರಮನೆಯ ಒಂದು ಹಜಾರ. ಹಾಸನದ ಬಳಿಯ ಕೌಶಿಕ ಗ್ರಾಮದ ಪಟ್ಟಾಭಿ ಜೋಯಿಸರು ಅಲ್ಲಿ ಕಲಿತರು. ಕೋಲಾರ ಜಿಲ್ಲೆಯ ಬೆಳ್ಳೂರಿನ ಒಬ್ಬ ಹುಡುಗನೂ ಬಂದ. ಕೃಷ್ಣಮಾಚಾರ್ಯರು ಆತನಿಗೆ ಭಾವನಾಗಬೇಕು. ಹುಟ್ಟಿದ್ದು 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ. ಮಲೇರಿಯಾ, ಟೈಫಾಯ್ಡ್, ಕ್ಷಯ ಒಂದರ ಹಿಂದೊಂದು ಬಂದು ಕೈಕಾಲು ಕಡ್ಡಿಯಾಗಿ, ತಲೆ ಮಾತ್ರ ದೊಡ್ಡದಾಗಿ ಕಾಣುತ್ತಿದ್ದ ಹುಡುಗ. ಆತನೇ ಮುಂದೆ ಬಿ.ಕೆ.ಎಸ್. ಅಯ್ಯಂಗಾರ್. 2014ರಲ್ಲಿ ತೀರಿಕೊಂಡಾಗ ಅವರಿಗೆ 95 ವರ್ಷ.

ಅಯ್ಯಂಗಾರ್ ಅವರ ಕಥೆಯನ್ನು ಸಾಮಾನ್ಯವಾಗಿ ಛಲದ ಕಥೆಯಾಗಿ ಹೇಳುತ್ತಾರೆ. ನನಗೆ ಅದರಲ್ಲಿ ಹಿಡಿಸಿದ್ದು ಬೇರೆ. ಮೈ ಒಗ್ಗದಿದ್ದರೆ ಏನಾಗುತ್ತದೆ ಎಂದು ಸ್ವತಃ ಅನುಭವಿಸಿದ್ದರಿಂದ, ಮುಂದೆ ತಾವು ಕಲಿಸುವಾಗ ಹಗ್ಗ, ಪಟ್ಟಿ, ಮರದ ಇಟ್ಟಿಗೆ, ಕುರ್ಚಿ, ಮಡಿಸಿದ ಕಂಬಳಿ ಎಲ್ಲವನ್ನೂ ಆಸನಕ್ಕೆ ಆಸರೆಯಾಗಿ ತಂದರು. ಮಂಡಿ ಬಾಗದವರಿಗೆ ಮಂಡಿಯನ್ನು ಬೈಯಲಿಲ್ಲ, ಕೆಳಗೊಂದು ದಿಂಬು ಕೊಟ್ಟರು. ನನ್ನ ಇವತ್ತಿನ ಮಾತಿಗೆ ಈ ದಿಂಬು ಬೇಕಾಗುತ್ತದೆ.

ಇನ್ನು ಗರಡಿ. ಬೆಳಗಿನ ಜಾವ ಯಾವುದಾದರೂ ಹಳೆಯ ಗರಡಿಗೆ ಹೋಗಿ. ಬಾಗಿಲು ಗಿಡ್ಡ, ಎಂಥ ಆಜಾನುಬಾಹುವೂ ತಲೆ ತಗ್ಗಿಸಿಯೇ ಒಳಗೆ ಹೋಗಬೇಕು. ಚಪ್ಪಲಿ ಹೊರಗೆ. ಒಳಗೆ ಮಬ್ಬು ಬೆಳಕು, ಎಣ್ಣೆ ಮತ್ತು ಊದುಬತ್ತಿಯ ವಾಸನೆ, ಗೋಡೆಯಲ್ಲಿ ಆಂಜನೇಯ. ನಡುವೆ ಮಟ್ಟಿ, ಅಂದರೆ ಕುಸ್ತಿಯ ಕೆಮ್ಮಣ್ಣು. ಅದಕ್ಕೆ ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದ ಮಾಡಿರುತ್ತಾರೆ. ಸಾಮು ಶುರುವಾಗುವ ಮೊದಲು ಹುಡುಗರು ಗುದ್ದಲಿ ಹಿಡಿದು ಮಟ್ಟಿ ಅಗೆಯುತ್ತಾರೆ. ಹೊಸಬರಿಗೆ ಇದು ಜೀತದಂತೆ ಕಾಣಬಹುದು. ಸೊಂಟ, ಭುಜ, ಬೆನ್ನು ಮೂರಕ್ಕೂ ಅದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ಅದರ ಜೊತೆಗೆ, ತಾನು ಬೀಳುವ ನೆಲವನ್ನೂ ತನ್ನ ಜೊತೆಗಾರ ಬೀಳುವ ನೆಲವನ್ನೂ ತಾನೇ ಮೆದು ಮಾಡಿಡಬೇಕು ಎಂಬ ಪಾಠವೂ ಹೌದು. ಸರಿಯಾಗಿ ಅಗೆಯದಿದ್ದರೆ ಮುರಿಯುವುದು ಒಬ್ಬನ ಮೂಳೆ ಮಾತ್ರವಲ್ಲ.

ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು ಜೋಡಿ ಕೈ ಕೂಡಿಸುತ್ತದೆ. ಪಟ್ಟು, ಅದಕ್ಕೆ ಮರುಪಟ್ಟು. ಬಿದ್ದವನನ್ನು ಬೀಳಿಸಿದವನೇ ಕೈ ಕೊಟ್ಟು ಎಬ್ಬಿಸುತ್ತಾನೆ. ಬೆವರಿದ ಬೆನ್ನಿಗೆ ಹಿಡಿ ಮಣ್ಣು ಹಾಕಿ ಒಬ್ಬರಿಗೊಬ್ಬರು ತಿಕ್ಕುತ್ತಾರೆ. ಮಣ್ಣು ಬೆವರನ್ನು ಹೀರಿಕೊಂಡು ಮೈ ತಣಿಯುತ್ತದೆ. ಆಮೇಲೆ ಅಂಗಮರ್ದನ. ಕಿರಿಯ ಹುಡುಗ ಹಿರಿಯ ಪೈಲ್ವಾನನ ಮೀನಖಂಡ ಒತ್ತುತ್ತಾನೆ, ಉಸ್ತಾದರು ಆ ಹುಡುಗನ ಹೆಗಲಿಗೆ ಎಣ್ಣೆ ನೀವುತ್ತಾರೆ. ಅದರಲ್ಲಿ ಮೇಲುಕೀಳಿನ ಲೆಕ್ಕ ಇದೆ, ಇಲ್ಲ ಎನ್ನಲಾರೆ. ಆದರೆ ಒಬ್ಬರ ಮೈ ಇನ್ನೊಬ್ಬರ ಕಾಳಜಿ ಎಂಬ ಲೆಕ್ಕವೂ ಇದೆ. ದಸರಾ ವಿಜಯದಶಮಿಯಂದು ಮೈಸೂರು ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿ ಕಾಳಗ ಮಾಡುವ ಜೆಟ್ಟಿಗಳನ್ನೇ ನೋಡಿ. ತಲೆಯಲ್ಲಿ ರಕ್ತ ಚಿಮ್ಮಿದ ಕೂಡಲೇ ಆಟ ಮುಗಿಯುವ ಉಗ್ರವಾದ ಕಾಳಗ ಅದು. ಅದೇ ಜೆಟ್ಟಿ ಮನೆತನಗಳು ಮುರಿದ ಮೂಳೆ ಕೂಡಿಸುವುದಕ್ಕೂ ಉಳುಕು ತೆಗೆಯುವುದಕ್ಕೂ ಹೆಸರಾದವು. ಎಲ್ಲಿ ಹೊಡೆದರೆ ಮುರಿಯುತ್ತದೆ ಎಂದು ಬಲ್ಲವರು, ಹೇಗೆ ಕಟ್ಟಿದರೆ ಕೂಡುತ್ತದೆ ಎಂಬುದನ್ನೂ ಕಲಿತಿದ್ದರು. ನನ್ನ ಮಟ್ಟಿಗೆ ದೇಹಸಾಧನೆಯಲ್ಲಿ ಆತ್ಮ ಎಂಬುದು ಇದ್ದರೆ ಈ ಎರಡನೆಯ ಕಲಿಕೆಯಲ್ಲಿದೆ.

ಗರಡಿಯನ್ನು ನಾನು ಹೊಗಳಿ ಅಟ್ಟಕ್ಕೇರಿಸುತ್ತಿದ್ದೇನೆ ಎಂದು ಅನ್ನಿಸಿದರೆ ಒಂದು ಮಾತು. ಅಲ್ಲಿಯೂ ಹುಚ್ಚು ಇತ್ತು. ಸಾವಿರ ದಂಡೆ, ಎರಡು ಸಾವಿರ ಬಸ್ಕಿ ಎಂಬ ಬಡಾಯಿ, ಲೀಟರುಗಟ್ಟಲೆ ಹಾಲು, ಬಾದಾಮಿ, ತುಪ್ಪ. ಕುಸ್ತಿ ಬಿಟ್ಟ ಮೇಲೂ ಊಟ ಬಿಡದೆ, ನಲವತ್ತೈದಕ್ಕೆ ಮಂಡಿ ಸವೆದು, ಸಕ್ಕರೆ ಏರಿ ಕುಳಿತ ಪೈಲ್ವಾನರನ್ನು ನೀವೂ ನೋಡಿದ್ದೀರಿ. ಮಾಡುವುದನ್ನು ಕಲಿಸಿದ ಗರಡಿ, ನಿಲ್ಲಿಸುವುದನ್ನು ಅಷ್ಟು ಚೆನ್ನಾಗಿ ಕಲಿಸಲಿಲ್ಲ.

ನಿಲ್ಲಿಸುವುದನ್ನು ಕಲಿಸಿದ್ದು ಆಯುರ್ವೇದ. ಚರಕ, ಸುಶ್ರುತ, ವಾಗ್ಭಟ ಮೂವರೂ ವ್ಯಾಯಾಮವನ್ನು ಹೊಗಳುತ್ತಾರೆ. ಮೈ ಹಗುರಾಗುತ್ತದೆ, ಕೆಲಸದ ಕಸುವು ಹೆಚ್ಚುತ್ತದೆ, ಹಸಿವು ಚುರುಕಾಗುತ್ತದೆ ಎನ್ನುತ್ತಾರೆ. ಹೊಗಳಿ ಅಲ್ಲಿಗೇ ಬಿಡುವುದಿಲ್ಲ, ಗೆರೆ ಎಳೆಯುತ್ತಾರೆ. ಸುಶ್ರುತರ ಲೆಕ್ಕದಲ್ಲಿ ಮಾಡಬೇಕಾದ್ದು ಅರ್ಧ ಬಲದಷ್ಟು. ಅರ್ಧ ಎಂದು ತಿಳಿಯುವುದು ಹೇಗೆ? ಯಂತ್ರ ಬೇಡ, ಕೈಗಡಿಯಾರ ಬೇಡ. ಎದೆಯಲ್ಲಿ ಆಡುತ್ತಿದ್ದ ಉಸಿರು ಯಾವಾಗ ಬಾಯಿಗೆ ಬರುತ್ತದೆಯೋ ಅದು ಅರ್ಧ ಬಲ ಮುಗಿದ ಗುರುತು. ಹಣೆ, ಮೂಗು, ಕಂಕುಳಲ್ಲಿ ಬೆವರು ಮೂಡುವುದನ್ನೂ ಗುರುತಾಗಿ ಹೇಳುತ್ತಾರೆ. ವಾಗ್ಭಟ ಇನ್ನೂ ಮುಂದೆ ಹೋಗಿ, ಈ ಅರ್ಧವೂ ಗಟ್ಟಿಮುಟ್ಟಾದವರಿಗೆ, ಜಿಡ್ಡಿನ ಊಟ ಮಾಡುವವರಿಗೆ, ಅದೂ ಚಳಿಗಾಲ ಮತ್ತು ವಸಂತದಲ್ಲಿ; ಉಳಿದ ಕಾಲದಲ್ಲಿ ಅದಕ್ಕೂ ಕಡಿಮೆ ಎನ್ನುತ್ತಾನೆ. ಮಿತಿ ಮೀರಿದವನ ಗತಿ ಆನೆಯನ್ನು ಎಳೆಯಹೋದ ಸಿಂಹದ ಗತಿಯಂತೆ ಎಂಬುದು ಅವನ ಎಚ್ಚರಿಕೆ. ಸಿಂಹ ದುರ್ಬಲ ಎಂದಲ್ಲ. ಎಳೆದು ಎಳೆದು ಅದೇ ನೆಲ ಕಚ್ಚುತ್ತದೆ.

ಈಗಿನ ವೈದ್ಯರು ಹೇಳುವುದಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ. ಚುರುಕಾಗಿ ನಡೆಯುವಾಗ ಪಕ್ಕದವರ ಜೊತೆ ಮಾತನಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಅದು ಮಧ್ಯಮ ಶ್ರಮ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಇಂಥ ಮಧ್ಯಮ ಶ್ರಮ ಸಾಕು. ಅಂದರೆ ವಾರದಲ್ಲಿ ಐದು ದಿನ ಅರ್ಧರ್ಧ ಗಂಟೆಯಿಂದ ಶುರು. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ ಕೊಡಬೇಕು. ದಂಡೆ, ಬಸ್ಕಿ, ಭಾರ ಎತ್ತುವುದು, ಯಾವುದಾದರೂ ಸರಿ. ಅರವತ್ತೈದು ದಾಟಿದವರು ಇದರ ಜೊತೆಗೆ ವಾರಕ್ಕೆ ಮೂರು ದಿನ ಮೈಯ ಸಮತೋಲದ ಅಭ್ಯಾಸ ಮಾಡಬೇಕು, ಬೀಳದಿರಲಿ ಎಂದು. ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು, ಕುರ್ಚಿಯಿಂದ ಕೈ ಊರದೆ ಏಳುವುದು, ಇಷ್ಟೇ ಸಾಕು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಊಟ ಮಾಡುವುದನ್ನು ನಾವು ಡೈನಿಂಗ್ ಟೇಬಲ್ಲಿಗೆ ಬಿಟ್ಟುಕೊಟ್ಟೆವು. ದಿನಕ್ಕೆ ನಾಲ್ಕಾರು ಸಲ ಕೂತು ಏಳುತ್ತಿದ್ದ ಮಂಡಿಗೆ ಈಗ ಆ ಕೆಲಸವೇ ಇಲ್ಲ.

2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯೊಂದರ ಅಂದಾಜಿನಂತೆ ಭಾರತದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10 ಕೋಟಿ. ಪ್ರತಿ ಮನೆಯಲ್ಲೂ ಮಾತ್ರೆಯ ಡಬ್ಬಿ ಇದೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಅಡ್ಡಾಡಿದರೆ ರಕ್ತದಲ್ಲಿ ಸಕ್ಕರೆ ಏರುವ ವೇಗ ತಗ್ಗುತ್ತದೆ. ಕೆಲಸ ಮಾಡುವ ಕಾಲಿನ ಸ್ನಾಯು ಆ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಇದು ಗೊತ್ತಿಲ್ಲದವರು ಕಡಿಮೆ, ಮಾಡುವವರು ಇನ್ನೂ ಕಡಿಮೆ. ಊಟವಾದ ಕೂಡಲೇ ನಮಗೆ ಧಾರಾವಾಹಿ ಇದೆ.

ಅರ್ಧ ಬಲ ಎಂದೆ. ಉಳಿದ ಅರ್ಧ ಯಾತಕ್ಕೆ? ಇವತ್ತಿನ ಫಿಟ್‌ನೆಸ್ ಮಾತುಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ. ಒಂದೂವರೆ ಗಂಟೆ ಜಿಮ್ಮಿನಲ್ಲಿ ಮೈ ಹಿಂಡಿಸಿಕೊಂಡು ಮನೆಗೆ ಬಂದು, ಅಪ್ಪ ಏನಾದರೂ ಕೇಳಿದರೆ ಸಿಡಿಮಿಡಿ ಎನ್ನುವ ಹುಡುಗರಿದ್ದಾರೆ. ಹೊಟ್ಟೆ ಆರು ಪಟ್ಟಿಯಾಗಿದೆ, ತಾಳ್ಮೆ ಒಂದು ಪಟ್ಟಿಯೂ ಉಳಿದಿಲ್ಲ. ಮೈಯಲ್ಲಿ ಕೂಡಿಟ್ಟ ಬಲ ಎಲ್ಲಾದರೂ ಖರ್ಚಾಗಬೇಕಲ್ಲ? ಅಯ್ಯರ್ ಅವರದು ಕಾದಂಬರಿಗೆ, ರಂಗಭೂಮಿಗೆ ಖರ್ಚಾಯಿತು. ಗರಡಿಯವರದು ಮೂಳೆ ಕಟ್ಟುವುದಕ್ಕೆ, ಕೇರಿಯ ಹುಡುಗರನ್ನು ಪಳಗಿಸುವುದಕ್ಕೆ. ಕುವೆಂಪು ಅವರ ಸಂಚಾರ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ. ಅವರು ಅಲ್ಲಿ ಕರಗಿಸಿದ ಕ್ಯಾಲೊರಿ ಎಷ್ಟೋ, ನಮಗೆ ದಕ್ಕಿದ್ದು ಕವಿತೆ. ಈಗ ಅದೇ ಏರಿಯ ಮೇಲೆ ನಡೆಯುವ ಎಷ್ಟೋ ಜನರ ಕಿವಿಗೆ ಇಯರ್‌ಫೋನು, ಕಣ್ಣು ಮಣಿಕಟ್ಟಿನ ಗಡಿಯಾರದ ಮೇಲೆ. ನೀರುಕಾಗೆ ರೆಕ್ಕೆ ಒಣಗಿಸಿಕೊಳ್ಳುತ್ತ ಕೂತಿದ್ದರೂ ಲೆಕ್ಕ ಹೆಜ್ಜೆಯದು.

ಸುಶ್ರುತರು ಆರೋಗ್ಯವಂತ ಯಾರು ಎಂದು ಹೇಳುವಾಗ ದೋಷ, ಅಗ್ನಿ, ಧಾತು ಸಮವಾಗಿದ್ದರೆ ಸಾಕು ಎಂದು ನಿಲ್ಲಿಸಲಿಲ್ಲ. ಆತ್ಮ, ಇಂದ್ರಿಯ, ಮನಸ್ಸು ಪ್ರಸನ್ನವಾಗಿರಬೇಕು ಎಂದೂ ಸೇರಿಸಿದರು. 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವೂ ಆರೋಗ್ಯ ಎಂದರೆ ರೋಗವಿಲ್ಲದಿರುವುದು ಮಾತ್ರವಲ್ಲ, ದೇಹ, ಮನಸ್ಸು, ಸಮಾಜ ಮೂರರ ನೆಮ್ಮದಿ ಎಂದಿತು. ಪತಂಜಲಿಯ ಎಂಟು ಅಂಗಗಳಲ್ಲಿ ಆಸನ ಮೂರನೆಯದು. ಮೊದಲೆರಡು ಯಮ, ನಿಯಮ: ಹಿಂಸೆ ಮಾಡದಿರುವುದು, ಸುಳ್ಳಾಡದಿರುವುದು, ಕದಿಯದಿರುವುದು, ಶುಚಿ, ತೃಪ್ತಿ ಮುಂತಾದವು. ನಮ್ಮ ತರಗತಿಗಳು ಮೂರನೆಯ ಮೆಟ್ಟಿಲಿನಿಂದ ಶುರುವಾಗುತ್ತವೆ. ಮೊದಲೆರಡಕ್ಕೆ ಚಾಪೆ ಮಾರಲು ಬರುವುದಿಲ್ಲ ನೋಡಿ.

ಮನಸ್ಸಿನ ಮಾತು ಬಂದಾಗ ಒಂದು ಎಚ್ಚರ ಹೇಳಲೇಬೇಕು. ನಿಯಮಿತ ವ್ಯಾಯಾಮ ಖಿನ್ನತೆಗೂ ಆತಂಕಕ್ಕೂ ನೆರವಾಗುತ್ತದೆ ಎಂಬುದನ್ನು ಇಂದಿನ ವೈದ್ಯರು ಒಪ್ಪಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆಯ ಜೊತೆಗೆ ಯೋಗವನ್ನೂ ಬಳಸುತ್ತಾರೆ, ಸಂಶೋಧನೆಯನ್ನೂ ನಡೆಸಿದ್ದಾರೆ. ಜೊತೆಗೆ ಎಂಬುದನ್ನು ಗಮನಿಸಿ. ನಾಲ್ಕು ಸೂರ್ಯನಮಸ್ಕಾರ ಹಾಕಿಸಿ ಮಾತ್ರೆ ಬಿಡಿಸುವ ಹಿತೈಷಿಗಳು ಪ್ರತಿ ಊರಿನಲ್ಲೂ ಇದ್ದಾರೆ. ಅವರ ಮಾತು ಕೇಳಿ ಔಷಧ ನಿಲ್ಲಿಸಬೇಡಿ.

ಎದೆಯ ವಿಷಯವೂ ಹಾಗೆಯೇ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 46 ವರ್ಷ. ನಾಡಿಗೆ ನಾಡೇ ಮನೆಯ ಮಗನನ್ನು ಕಳೆದುಕೊಂಡಂತೆ ಅತ್ತಿತು. ಮರುದಿನದಿಂದ ಹೃದಯದ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಸಾಲು. ಇನ್ನೊಂದು ಕಡೆ, ವ್ಯಾಯಾಮ ಮಾಡಿದ್ದೇ ತಪ್ಪು ಎಂಬ ಮಾತು. ಎರಡನೆಯದಕ್ಕೆ ಆಧಾರವಿರಲಿಲ್ಲ. ಮೊದಲನೆಯದು ಒಳ್ಳೆಯದೇ, ಆದರೆ ಸಾಲು ಕೆಲವೇ ವಾರಗಳಲ್ಲಿ ಕರಗಿತು. ನಲವತ್ತು ದಾಟಿದವರು, ಮನೆಯಲ್ಲಿ ಹೃದ್ರೋಗದ ಚರಿತ್ರೆ ಇರುವವರು ಹೊಸದಾಗಿ ಸಾಮು ಶುರು ಮಾಡುವ ಮೊದಲು ವೈದ್ಯರನ್ನು ನೋಡಬೇಕು. ಎದೆ ಬಿಗಿದರೆ, ಕಣ್ಣು ಕತ್ತಲೆ ಬಂದರೆ ಅಲ್ಲೇ ನಿಲ್ಲಿಸಬೇಕು. ತಿಂಗಳಲ್ಲಿ ತೋಳು ಉಬ್ಬಿಸುವ ಪುಡಿ, ಇಂಜೆಕ್ಷನ್ನುಗಳ ಹತ್ತಿರ ಸುಳಿಯಬಾರದು.

ಜಿಮ್ಮನ್ನು ಬೈಯುವುದು ಸುಲಭ. ಕನ್ನಡಿ, ಕಬ್ಬಿಣ, ಕಿವಿಗಡಚಿಕ್ಕುವ ಹಾಡು. ಆದರೆ ನಮ್ಮ ಹೆಣ್ಣುಮಕ್ಕಳ ಪಾಲಿಗೆ ಒಂದು ಬಾಗಿಲು ತೆರೆದದ್ದು ಜಿಮ್ಮೇ ಹೊರತು ಗರಡಿಯಲ್ಲ. ಇದನ್ನು ಒಪ್ಪಿಕೊಂಡೇ ಮುಂದಿನ ಮಾತು ಆಡಬೇಕು.

ಹೆಂಗಸರ ಮುಂದೆ ವ್ಯಾಯಾಮದ ವಿಷಯ ಎತ್ತಿದರೆ ಬರುವ ಉತ್ತರ ಒಂದೇ: “ಅಯ್ಯೋ, ನಮಗೆ ಬೇರೆ ವ್ಯಾಯಾಮ ಬೇಕಾ ಸಾರ್? ಬೆಳಗ್ಗಿಂದ ರಾತ್ರಿ ತನಕ ನಿಂತೇ ಇರ್ತೀವಲ್ಲ!” ನಿಜ, ನಿಂತೇ ಇರುತ್ತಾರೆ. ಅದಕ್ಕೇ ಹಿಮ್ಮಡಿ ನೋಯುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ. ದಣಿವು ಬೇರೆ, ಸಾಧನೆ ಬೇರೆ. ದಣಿವು ಇದ್ದ ಬಲವನ್ನು ಹೀರುತ್ತದೆ, ಸಾಧನೆ ಇಲ್ಲದ ಬಲವನ್ನು ಕೂಡಿಸುತ್ತದೆ. ಮನೆಗೆಲಸದಲ್ಲಿ ಮೈ ಆಡುತ್ತದೆ ನಿಜ, ಉಸಿರಿನ ಕಡೆ ಗಮನ ಕೊಡಲು ಯಾರಿಗೆ ಪುರುಸೊತ್ತು? ಒಂದು ಕಡೆ ಕುಕ್ಕರ್ ಕೂಗುತ್ತಿರುತ್ತದೆ, ಇನ್ನೊಂದು ಕಡೆ ಮಗುವಿನ ಶೂಸು ಸಿಗುತ್ತಿರುವುದಿಲ್ಲ. ಅವರ ಬಲದ ಅರ್ಧವಲ್ಲ, ಪೂರ್ತಿ ಹದಿನಾರಾಣೆಯೂ ಬೇರೆಯವರಿಗೇ ಹೋಗುತ್ತದೆ. ಇಲ್ಲಿ ಔಷಧ ಹೆಂಗಸರ ಕೈಯಲ್ಲಿಲ್ಲ, ಮನೆಯ ಉಳಿದವರ ಕೈಯಲ್ಲಿದೆ. ಬೆಳಗ್ಗೆ ಅರ್ಧ ಗಂಟೆ ಅಡುಗೆಮನೆಯನ್ನು ಗಂಡಸರು ವಹಿಸಿಕೊಂಡರೆ ಆಕೆಗೆ ನಡೆಯಲು ಹೊತ್ತು ಸಿಗುತ್ತದೆ. ಉಪ್ಪಿಟ್ಟು ಮಾಡಲು ವೇದಾಧ್ಯಯನ ಬೇಕಿಲ್ಲ. ಈರುಳ್ಳಿ ಹೆಚ್ಚುವಾಗ ಕಣ್ಣೀರು ಬಂದರೆ ಬರಲಿ.

ಊಟ, ನಿದ್ದೆಯ ಬಗ್ಗೆ ಬಹಳ ಹೇಳುವುದಿಲ್ಲ. ಬಲ್ಲವರು ಈ ಬಾನುಲಿ ಕೇಂದ್ರದಿಂದಲೇ ಎಷ್ಟೋ ಸಲ ಹೇಳಿದ್ದಾರೆ. ಒಂದನ್ನು ಮಾತ್ರ ಸೇರಿಸುತ್ತೇನೆ. ರಾತ್ರಿ ಹನ್ನೆರಡೂವರೆಯ ತನಕ ಫೋನು ಉಜ್ಜಿ, ಐದಕ್ಕೆ ಅಲಾರಂ ಇಟ್ಟು ಓಡುವುದು ಸಾಧನೆಯಲ್ಲ. ಮೈ ಕಟ್ಟಿಕೊಳ್ಳುವುದು ಓಡುವಾಗ ಅಲ್ಲ, ಓಡಿದ ಮೇಲೆ ಮಲಗಿದಾಗ.

ಅಂದ ಹಾಗೆ, 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರ ಶುರು ಮಾಡಿದ ಡಾ. ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಜಗನ್ಮೋಹನದಲ್ಲಿ ಕೃಷ್ಣಮಾಚಾರ್ಯರು ಉಸಿರು ಹಿಡಿದು ಬಿಡುವುದನ್ನು ಕಲಿಸುತ್ತಿದ್ದ ಅದೇ ವರ್ಷಗಳಲ್ಲಿ, ಅದೇ ಊರಿನಲ್ಲಿ, ಒಬ್ಬ ಮನಶ್ಶಾಸ್ತ್ರಜ್ಞ ಜನರ ಕಿವಿಗೆ ಒಳ್ಳೆಯ ಮಾತು, ಒಳ್ಳೆಯ ಸಂಗೀತ ಮುಟ್ಟಿಸುತ್ತಿದ್ದರು. ನಮ್ಮ ಊರು ಮೈಯನ್ನೂ ಮನಸ್ಸನ್ನೂ ಒಟ್ಟಿಗೆ ಸಾಕಿದ್ದಕ್ಕೆ ಇನ್ನೊಂದು ಸಾಕ್ಷಿ ಬೇಕಿದ್ದರೆ ಇಗೋ.

ಹಾಗಾದರೆ ಶುರು ಮಾಡುವುದು ಎಲ್ಲಿಂದ? ತೂಕದ ಯಂತ್ರವನ್ನು ಮಂಚದ ಕೆಳಗೆ ತಳ್ಳಿ. ಮೂರು ತಿಂಗಳ ಅಭ್ಯಾಸದ ನಂತರ ಬೇರೆ ಪ್ರಶ್ನೆಗಳನ್ನು ಹಾಕಿಕೊಳ್ಳಿ. ಮೆಟ್ಟಿಲು ಹತ್ತುವಾಗ ಉಸಿರು ಬಾಯಿಗೆ ಬರುವುದು ತಡವಾಯಿತೇ? ಹಾಸಿಗೆಗೆ ಬಿದ್ದ ಮೇಲೆ ನಿದ್ದೆಗೆ ಕಾಯಬೇಕಾಗಿದೆಯೇ? ಮನೆಯವರ ಮೇಲೆ ರೇಗುವುದು ಕಡಿಮೆಯಾಗಿದೆ ಎಂದು ಮನೆಯವರೇ ಹೇಳುತ್ತಾರೆಯೇ? ನಿಮ್ಮ ಜೊತೆ ನಡೆಯುವವರ ಹೆಸರು, ಅವರ ಮನೆಯ ಕಷ್ಟಸುಖ ನಿಮಗೆ ಗೊತ್ತಾಗಿದೆಯೇ? ಮಂಡಿ ಬಾಗದಿದ್ದರೆ ದಿಂಬು ಇಟ್ಟುಕೊಳ್ಳಿ, ಯಾರೂ ನಗುವುದಿಲ್ಲ. ಒಂದು ದಿನ ತಪ್ಪಿದರೆ ಮಾರನೆಯ ದಿನ ದುಪ್ಪಟ್ಟು ಮಾಡಿ ತೀರಿಸಲು ಹೋಗಬೇಡಿ, ಅದು ಸಾಲವಲ್ಲ.

ಕೊನೆಯದಾಗಿ, ಗರಡಿಗಳನ್ನು ನಡೆಸುವ ಹಿರಿಯರಲ್ಲಿ ಒಂದು ವಿನಂತಿ. ಮೈಸೂರಿನಲ್ಲೂ ಬೇರೆ ಊರುಗಳಲ್ಲೂ ಎಷ್ಟೋ ಗರಡಿಗಳ ಬಾಗಿಲು ಈಗ ತೆಗೆಯುವುದು ಪೂಜೆಗೆ ಮಾತ್ರ. ಮಟ್ಟಿ ಗಟ್ಟಿಯಾಗಿ ಹೋಗಿದೆ, ಗದೆಗಳಿಗೆ ಧೂಳು ಹಿಡಿದಿದೆ. ದಸರಾ ಕುಸ್ತಿಯ ಕಣದಲ್ಲಿ ಹೆಣ್ಣುಮಕ್ಕಳು ಮಣ್ಣು ಮುಟ್ಟಿ ‘ದಸರಾ ಕಿಶೋರಿ’ ಬಿರುದಿಗೆ ಸೆಣಸುತ್ತಿದ್ದಾರೆ, ಸಾವಿರಾರು ಜನ ಚಪ್ಪಾಳೆ ತಟ್ಟುತ್ತಾರೆ. ಅದೇ ಹುಡುಗಿಯರಿಗೆ ತಮ್ಮ ಕೇರಿಯ ಗರಡಿಯೊಳಗೆ ಕಾಲಿಡಲು ಇವತ್ತಿಗೂ ಸಂಕೋಚಪಡಬೇಕಾದ ಸ್ಥಿತಿ. ಸಂಪ್ರದಾಯ ಕೆಡುತ್ತದೆ ಎಂಬ ಅಂಜಿಕೆ ನಿಮಗಿರಬಹುದು. ಬೀಗ ಹಾಕಿದ ಬಾಗಿಲ ಹಿಂದೆ ಕೆಡುವುದಕ್ಕೆ ಏನು ಉಳಿದಿರುತ್ತದೆ ಹೇಳಿ? ದಿನಕ್ಕೆ ಒಂದು ಹೊತ್ತು ಹೆಣ್ಣುಮಕ್ಕಳಿಗೆ, ಇನ್ನೊಂದು ಹೊತ್ತು ಊರಿನ ಮುದುಕರಿಗೆ ಬಿಟ್ಟುಕೊಡಿ. ಮಟ್ಟಿ ಅಗೆಯುವುದನ್ನು ಅವರಿಗೂ ಕಲಿಸಿ. ಈ ದಸರಾ ಬರುವುದರೊಳಗೆ ಆ ಬೀಗ ತೆಗೆಯಿರಿ.